ಈಳಿಗೆಮಣೆಯಿಂದ ಏಳುವುದು: ಮಂಡ್ಯದ ಒಂದು ಪ್ರಕರಣ

ಮೊದಲ ದಿನ ಅವರು ನನ್ನ ಚಿಕಿತ್ಸಾಲಯದಲ್ಲಿ ಇಪ್ಪತ್ತು ನಿಮಿಷ ನಿಂತೇ ಇದ್ದರು. ಹೊರಗಿನ ಕೋಣೆಯಲ್ಲಿ ನಾಲ್ಕು ಕುರ್ಚಿ ಖಾಲಿ ಇದ್ದವು. ಕೂತುಕೊಳ್ಳಿ ಎಂದು ನಮ್ಮ ಸಹಾಯಕಿ ಎರಡು ಸಲ ಹೇಳಿದಳು. "ಇರಲಿ ಬಿಡಮ್ಮ" ಎಂದು ಗೋಡೆಗೆ ಭುಜ ಕೊಟ್ಟು, ಒಂದು ಕಾಲಿನ ಭಾರವನ್ನು ಇನ್ನೊಂದು ಕಾಲಿಗೆ ಬದಲಿಸುತ್ತ ನಿಂತರು. ಬಂದಿದ್ದದ್ದು ಮಂಡಿ ನೋವಿಗೆ. ಸಂಕೋಚದ ಸ್ವಭಾವವಿರಬೇಕು ಎಂದುಕೊಂಡು ನಾನು ಸುಮ್ಮನಾದೆ. ಮೂರನೆಯ ಭೇಟಿಯಲ್ಲಿ ಕಾರಣ ಅವರ ಬಾಯಿಂದಲೇ ಬಂತು. ಆ ಪ್ಲಾಸ್ಟಿಕ್ ಕುರ್ಚಿಗಳಿಗೆ ಎರಡೂ ಕಡೆ ಕೈಗಳಿವೆ. ಕೂತರೆ ಸೊಂಟ ಸಿಕ್ಕಿಕೊಳ್ಳುತ್ತದೆ, ಎದ್ದರೆ ಕುರ್ಚಿಯೂ ಜೊತೆಗೆ ಏಳುತ್ತದೆ. ನೆಂಟರ ಮದುವೆಯೊಂದರಲ್ಲಿ ಹಾಗಾದಾಗ ಊಟದ ಪಂಕ್ತಿಯೇ ತಿರುಗಿ ನೋಡಿ ನಕ್ಕಿತ್ತಂತೆ. ಅಂದಿನಿಂದ ಕೈಯಿರುವ ಕುರ್ಚಿ ಕಂಡರೆ ಅವರು ನಿಂತೇ ಇರುತ್ತಾರೆ.

ಹನ್ನೊಂದು ವರ್ಷದಿಂದ ಫಿಸಿಯೋಥೆರಪಿ ಮಾಡುತ್ತಿದ್ದೇನೆ. ನೋಯುವ ಮಂಡಿಯವರನ್ನು ನಿಲ್ಲಿಸಿಡುವ ಕುರ್ಚಿಗಳನ್ನು ನಾನೇ ಕೊಂಡು ತಂದು ಹಾಕಿದ್ದೆ ಎಂಬುದು ಅಲ್ಲಿಯವರೆಗೆ ಹೊಳೆದಿರಲಿಲ್ಲ. ಅದು ನನ್ನನ್ನು ಇವತ್ತಿಗೂ ಚುಚ್ಚುತ್ತದೆ. ಈಗ ಅಲ್ಲಿ ಕೈಯಿಲ್ಲದ ಅಗಲವಾದ ಮರದ ಬೆಂಚು ಇದೆ. ಈ ಪ್ರಕರಣದಲ್ಲಿ ಮೊದಲು ಆದ ಚಿಕಿತ್ಸೆ ಅದೇ.

ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗುವ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಅವರನ್ನು ನಾನು ಕರೆಯುವುದು ಅಕ್ಕ ಎಂದು, ಇಲ್ಲಿಯೂ ಹಾಗೆಯೇ ಬರೆಯುತ್ತೇನೆ.

ಹಿನ್ನೆಲೆ

ಅಕ್ಕನಿಗೆ 47 ವರ್ಷ. ಮಂಡ್ಯದಿಂದ ಎಂಟು ಕಿಲೋಮೀಟರ್ ದೂರದ ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಬಿಸಿಯೂಟದ ಅಡುಗೆಯವರು, ಆ ಕೆಲಸದಲ್ಲಿ ಹದಿಮೂರು ವರ್ಷವಾಗಿದೆ. ಎತ್ತರ 152 ಸೆಂ.ಮೀ., ತೂಕ 96 ಕೆ.ಜಿ. ಎರಡೂ ಮಂಡಿಗಳಲ್ಲಿ ಸವೆತ, ಎಡಗಡೆ ಹೆಚ್ಚು. ಆರು ವರ್ಷದಿಂದ ಸಕ್ಕರೆ ಕಾಯಿಲೆ. ಮೆಟ್‌ಫಾರ್ಮಿನ್ ಮತ್ತು ಗ್ಲಿಮೆಪಿರೈಡ್ ಮಾತ್ರೆ ತೆಗೆದುಕೊಳ್ಳುತ್ತಿದ್ದರು. ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ 8.1 ಇತ್ತು. ಆರೋಗ್ಯ ಶಿಬಿರವೊಂದರಲ್ಲಿ ರಕ್ತದೊತ್ತಡ 168/98 ಎಂದು ಚೀಟಿಯಲ್ಲಿ ಬರೆದುಕೊಟ್ಟಿದ್ದರು.

ಮೂರು ವರ್ಷದಲ್ಲಿ ಐದು ಕಡೆ ತೋರಿಸಿದ್ದರು. ಐದೂ ಕಡೆ ಸಿಕ್ಕಿದ್ದು ಒಂದೇ ಮಾತು: ಮೊದಲು ತೂಕ ಇಳಿಸಿಕೊಂಡು ಬನ್ನಿ. ಒಂದು ಕಡೆಯಂತೂ ಮಂಡಿಯನ್ನು ಮುಟ್ಟಿಯೂ ನೋಡಿರಲಿಲ್ಲ. ಅಕ್ಕ ಇಳಿಸಲು ನೋಡದೆ ಬಿಟ್ಟವರಲ್ಲ. ರಾತ್ರಿ ಮುದ್ದೆ ಬಿಟ್ಟರು, ಆಮೇಲೆ ರಾತ್ರಿ ಊಟವನ್ನೇ ಬಿಟ್ಟರು. ನೆಂಟರೊಬ್ಬರು ಕಂತಿನ ಮೇಲೆ ಕೊಟ್ಟ ಪುಡಿಯನ್ನು ನೀರಿಗೆ ಕಲಸಿಕೊಂಡು ಮೂರು ತಿಂಗಳು ಕುಡಿದರು. ಒಂಬತ್ತು ಕೆ.ಜಿ. ಇಳಿಯಿತು. ಪುಡಿ ನಿಲ್ಲಿಸಿದ ಮೇಲೆ ವರ್ಷ ತುಂಬುವುದರೊಳಗೆ ಹನ್ನೆರಡು ಕೆ.ಜಿ. ಏರಿತು. ಕಂತು ಮಾತ್ರ ಇನ್ನೂ ಬಾಕಿ ಇತ್ತು. ಊರಿನವರ ಬಾಯಲ್ಲಿ ಇದ್ದದ್ದು "ಉಂಡು ಉಂಡು ಮೈ ಬೆಳೆಸಿಕೊಂಡಿದ್ದಾಳೆ" ಎಂಬ ಮಾತು. ನೂರ ನಲವತ್ತು ಮಕ್ಕಳಿಗೆ ಬಡಿಸಿ, ಪಾತ್ರೆ ತೊಳೆದಿಟ್ಟು, ಮಧ್ಯಾಹ್ನ ಎರಡೂವರೆಗೆ ದಿನದ ಮೊದಲ ಅನ್ನ ಉಣ್ಣುವ ಹೆಂಗಸಿನ ಬಗ್ಗೆ ಆಡಿದ ಮಾತು ಅದು.

ಅಕ್ಕ ಕೇಳಿದ್ದು

"ನಿಮಗೆ ಏನಾಗಬೇಕು, ಅಕ್ಕ?" ಎಂದು ಕೇಳಿದೆ. ತೂಕದ ಮಾತು ಬರುತ್ತದೆ ಎಂದುಕೊಂಡಿದ್ದೆ. ಅವರು ಸ್ವಲ್ಪ ಹೊತ್ತು ಯೋಚಿಸಿ ಎರಡೇ ಎರಡು ಹೇಳಿದರು.

ಒಂದನೆಯದು, ಈಳಿಗೆಮಣೆಯಿಂದ ಏಳುವುದು. ಶಾಲೆಯ ಅಡುಗೆಮನೆಯಲ್ಲಿ ದಿನಕ್ಕೆ ಹತ್ತು ಹನ್ನೆರಡು ಕೆ.ಜಿ. ತರಕಾರಿ ಹೆಚ್ಚಬೇಕು. ಕೂತು ಹೆಚ್ಚುವುದು ಕಷ್ಟವಲ್ಲ. ಮುಗಿದ ಮೇಲೆ ಏಳಬೇಕಲ್ಲ, ಆಗ ಒಂದು ಕೈ ಗೋಡೆಗೆ, ಇನ್ನೊಂದು ಕೈ ಜೊತೆಯವಳ ಹೆಗಲಿಗೆ. ಜೊತೆಯವಳು ರಜೆ ಹಾಕಿದ ದಿನ ಬೇಳೆ ಡಬ್ಬದ ಹತ್ತಿರಕ್ಕೆ ತೆವಳಿ ಹೋಗಿ, ಅದನ್ನು ಹಿಡಿದು ಏಳುತ್ತಾರೆ. "ಮಕ್ಕಳು ನೋಡುತ್ತಿರುತ್ತಾರೆ, ಮೇಡಂ" ಎಂದರು.

ಎರಡನೆಯದು, ಬಸ್ಸು. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ಅವರ ಓಣಿಯ ಹೆಂಗಸರೆಲ್ಲ ಮಂಡ್ಯಕ್ಕೆ ಸರ್ಕಾರಿ ಬಸ್ಸಿನಲ್ಲಿ ದುಡ್ಡಿಲ್ಲದೆ ಬಂದು ಹೋಗುತ್ತಾರೆ. ಅಕ್ಕ ಮಾತ್ರ ಶೇರ್ ಆಟೋದಲ್ಲಿ ಬರುತ್ತಾರೆ, ಅದೂ ಎರಡು ಸೀಟಿನ ದುಡ್ಡು ಕೊಟ್ಟು. ಬಸ್ಸಿನ ಮೊದಲ ಮೆಟ್ಟಿಲು ಎತ್ತರ. ಕಾಲು ಎತ್ತಿಟ್ಟರೂ ಮೈಯನ್ನು ಮೇಲಕ್ಕೆ ಎಳೆದುಕೊಳ್ಳಲು ಆಗುವುದಿಲ್ಲ, ಹಿಂದಿನವರು ದೂಡಬೇಕಾಗುತ್ತದೆ. ದೂಡಿಸಿಕೊಂಡು ಹತ್ತುವುದಕ್ಕಿಂತ ದುಡ್ಡು ಹೋಗಲಿ ಎಂದು ಅವರು ತೀರ್ಮಾನಿಸಿದ್ದರು. ನಾನೊಂದು ದಿನ ಬಸ್ ನಿಲ್ದಾಣಕ್ಕೆ ಹೋಗಿ ಆ ಮೆಟ್ಟಿಲಿನ ಮುಂದೆ ನಿಂತು ನೋಡಿದೆ. ಹೆಚ್ಚುಕಡಿಮೆ ನನ್ನ ಮಂಡಿಯ ಹತ್ತಿರಕ್ಕೆ ಬರುತ್ತದೆ.

ತೂಕವನ್ನು ಗುರಿಯಾಗಿ ಬರೆಯುವುದು ಬೇಡ ಎಂದು ನಾನು ನಿರ್ಧರಿಸಿದ್ದು ಆ ದಿನ. ಬಾಗಿಲ ಪಕ್ಕದಲ್ಲಿದ್ದ ತೂಕದ ಯಂತ್ರವನ್ನು ಒಳಕೋಣೆಗೆ ಎತ್ತಿಟ್ಟೆ. ಮೊದಲ ದಿನ ಒಂದು ಸಲ, ಆರು ತಿಂಗಳ ಕೊನೆಗೆ ಇನ್ನೊಂದು ಸಲ, ಅಷ್ಟೇ ತೂಗುವುದು ಎಂದು ಇಬ್ಬರೂ ಮಾತಾಡಿಕೊಂಡೆವು.

ಯಾವುದನ್ನು ಅಳೆಯುವುದು

ಎತ್ತರದ ವರ್ಗದಿಂದ ತೂಕವನ್ನು ಭಾಗಿಸುವ ಲೆಕ್ಕವನ್ನು ಬೆಲ್ಜಿಯಂನ ಅಡಾಲ್ಫ್ ಕೆಟಲೆ 1830ರ ದಶಕದಲ್ಲಿ ಕೊಟ್ಟ. ಆತ ವೈದ್ಯನಲ್ಲ, ಖಗೋಳ ಮತ್ತು ಸಂಖ್ಯಾಶಾಸ್ತ್ರದವನು. ಜನಸಮೂಹದ ಸರಾಸರಿ ಮನುಷ್ಯ ಹೇಗಿರುತ್ತಾನೆ ಎಂಬುದು ಅವನ ಪ್ರಶ್ನೆಯಾಗಿತ್ತು. 1972ರಲ್ಲಿ ಅಮೆರಿಕದ ಆನ್ಸೆಲ್ ಕೀಸ್ ಅದಕ್ಕೆ ಬಾಡಿ ಮಾಸ್ ಇಂಡೆಕ್ಸ್ (ಬಿಎಂಐ) ಎಂದು ಹೆಸರಿಟ್ಟರು. ಅಕ್ಕನ ಬಿಎಂಐ 41.6. ಭಾರತೀಯರಿಗೆ 25 ದಾಟಿದರೆ ಸ್ಥೂಲಕಾಯ ಎಂದು ನಮ್ಮ ತಜ್ಞರು ಗೆರೆ ಎಳೆದಿದ್ದಾರೆ. ಆ ಗೆರೆಗೆ ಕಾರಣವಿದೆ. ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಅವರ ಬ್ರಿಟಿಷ್ ಸಹೋದ್ಯೋಗಿ ಜಾನ್ ಯುಡ್ಕಿನ್ 2004ರಲ್ಲಿ ತಮ್ಮಿಬ್ಬರನ್ನೇ ಅಳೆದು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಇಬ್ಬರ ಬಿಎಂಐ ಕೂಡ 22.3. ಕೊಬ್ಬು ಮಾತ್ರ ಯುಡ್ಕಿನ್ ಅವರಲ್ಲಿ ಶೇ. 9.1, ಯಾಜ್ಞಿಕ್ ಅವರಲ್ಲಿ ಶೇ. 21.2. ಅಂದರೆ ನಮ್ಮಲ್ಲಿ ತೆಳ್ಳಗೆ ಕಾಣುವವರು ನೆಮ್ಮದಿಯಿಂದ ಇರುವ ಹಾಗಿಲ್ಲ. ಆದರೂ ತಪಾಸಣೆ ಮಾಡಿಸಿಕೋ ಎಂಬ ಬುದ್ಧಿಮಾತು ತೆಳ್ಳಗಿರುವವರಿಗೆ ಯಾರೂ ಹೇಳುವುದಿಲ್ಲ, ದಪ್ಪಗಿರುವವರಿಗೆ ಬಸ್ ನಿಲ್ದಾಣದಲ್ಲಿ ನಿಂತರೂ ಸಿಗುತ್ತದೆ.

ಬಿಎಂಐ ಬರೆದಿಟ್ಟುಕೊಂಡು ನಾನು ಬೇರೆ ಅಳತೆಗಳಿಗೆ ಕೈ ಹಾಕಿದೆ.

ಮೊದಲು ರಕ್ತದೊತ್ತಡ. ಅಕ್ಕನ ತೋಳಿನ ಸುತ್ತಳತೆ 39 ಸೆಂ.ಮೀ. ಒತ್ತಡ ನೋಡಲು ತೋಳಿಗೆ ಸುತ್ತುವ, ಸಾಮಾನ್ಯವಾಗಿ ಎಲ್ಲ ಕಡೆ ಇರುವ ಪಟ್ಟಿ 27ರಿಂದ 34 ಸೆಂ.ಮೀ. ತೋಳಿಗೆ ಹೊಂದುವಂಥದ್ದು. ದಪ್ಪ ತೋಳಿಗೆ ಸಣ್ಣ ಪಟ್ಟಿ ಸುತ್ತಿದರೆ ಒತ್ತಡ ಇರುವುದಕ್ಕಿಂತ ಹೆಚ್ಚಾಗಿ ತೋರಿಸುತ್ತದೆ. 2023ರಲ್ಲಿ ಅಮೆರಿಕದಲ್ಲಿ ನಡೆದ ಅಧ್ಯಯನವೊಂದರಲ್ಲಿ, ಅತಿ ದೊಡ್ಡ ಪಟ್ಟಿ ಬೇಕಾದವರಿಗೆ ಸಾಮಾನ್ಯ ಪಟ್ಟಿ ಹಾಕಿದಾಗ ಮೇಲಿನ ಅಂಕಿ ಸರಾಸರಿ 19.5ರಷ್ಟು ಏರಿತ್ತು, ದೊಡ್ಡ ಪಟ್ಟಿ ಬೇಕಾದವರಲ್ಲಿ 4.8ರಷ್ಟು. ನಾನು ದೊಡ್ಡ ಪಟ್ಟಿ ತರಿಸಿ, ಐದು ನಿಮಿಷ ಬೆಂಚಿನ ಮೇಲೆ ಕೂರಿಸಿ, ಮೂರು ಬೇರೆ ಬೇರೆ ದಿನ ನೋಡಿದೆ. ಸರಾಸರಿ 146/90. ಒತ್ತಡವೇನೋ ಇದೆ, ಚಿಕಿತ್ಸೆಯೂ ಬೇಕು, ಆದರೆ ಚೀಟಿಯಲ್ಲಿದ್ದ 168 ಅಲ್ಲ. ಶಿಬಿರದ ಗದ್ದಲ, ನಿಂತು ನಿಂತು ಕಾದದ್ದು, ಸಣ್ಣ ಪಟ್ಟಿ, ಎಲ್ಲ ಸೇರಿ ಆ ಅಂಕಿ ಆಗಿತ್ತು. ಮೂರೂ ದಿನದ ಅಳತೆ ಬರೆದು ಅವರ ವೈದ್ಯರಿಗೆ ಕಳುಹಿಸಿದೆ. ಅವರು ಅದನ್ನು ನೋಡಿ ಒತ್ತಡದ ಮಾತ್ರೆ ಸಣ್ಣ ಪ್ರಮಾಣದಲ್ಲಿ ಶುರು ಮಾಡಿದರು.

ಆಮೇಲೆ ಕುರ್ಚಿ ಪರೀಕ್ಷೆ. ಸುಮಾರು 43 ಸೆಂ.ಮೀ. ಎತ್ತರದ ಆಸನದಿಂದ ಕೈ ಎದೆಗೆ ಕಟ್ಟಿಕೊಂಡು 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ನಿಲ್ಲುತ್ತಾರೆ ಎಂದು ಎಣಿಸುವುದು. 60ರಿಂದ 64 ವರ್ಷದ ಹೆಂಗಸರಲ್ಲಿ 12ರಿಂದ 17 ಸಲ ಸಾಮಾನ್ಯ ಎಂದು ಎಣಿಸುತ್ತಾರೆ. 47ರ ಅಕ್ಕನಿಗೆ ಆದದ್ದು ಆರು.

ಆರು ನಿಮಿಷದ ನಡಿಗೆಗೆ 30 ಮೀಟರ್ ನೇರ ಜಾಗ ಬೇಕು. ನನ್ನಲ್ಲಿ ಅಷ್ಟು ಉದ್ದವಿಲ್ಲ. ಅವರ ಶಾಲೆಯ ಜಗಲಿಯಲ್ಲೇ ಸುಣ್ಣದ ಗೆರೆ ಹಾಕಿ ನಡೆಸಿದೆ. 290 ಮೀಟರ್, ನಡುವೆ ಎರಡು ಸಲ ನಿಂತರು.

ನೆಲದಿಂದ ಏಳುವುದಕ್ಕೂ ಒಂದು ಅಳತೆ ಇದೆ. ಬ್ರೆಜಿಲ್‌ನ ವೈದ್ಯ ಕ್ಲಾಡಿಯೊ ಅರೌಜೊ ಮತ್ತು ಅವರ ತಂಡ 51ರಿಂದ 80 ವರ್ಷದ 2,002 ಜನರನ್ನು ಹೀಗೆ ಪರೀಕ್ಷಿಸಿ, ಕಡಿಮೆ ಅಂಕ ಬಂದವರಲ್ಲಿ ಮುಂದಿನ ವರ್ಷಗಳಲ್ಲಿ ಸಾವು ಹೆಚ್ಚು ಎಂದು 2012ರಲ್ಲಿ ತೋರಿಸಿದರು. ಕೂರುವುದಕ್ಕೆ ಐದು, ಏಳುವುದಕ್ಕೆ ಐದು ಅಂಕ. ಕೈ, ಮೊಣಕಾಲು ಯಾವುದನ್ನು ಊರಿದರೂ ಒಂದೊಂದು ಅಂಕ ಹೋಗುತ್ತದೆ, ಓಲಾಡಿದರೆ ಅರ್ಧ. ಅಕ್ಕನಿಗೆ ಹತ್ತಕ್ಕೆ ಮೂರು. ತೂಕದ ಯಂತ್ರದ ಮೇಲೆ ಯಾರೂ ಈಳಿಗೆಮಣೆಯಿಂದ ಏಳುವುದಿಲ್ಲ. ಈ ಅಳತೆ ಮಾತ್ರ ನೇರವಾಗಿ ಅಕ್ಕ ಕೇಳಿದ್ದನ್ನೇ ಅಳೆಯುತ್ತದೆ.

ಕೊನೆಗೆ ಕೈಹಿಡಿತ. ಈ ಅಳತೆಯ ಮುಂದೆ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಏಷ್ಯಾದ ಹೆಂಗಸರಲ್ಲಿ 18 ಕೆ.ಜಿ.ಗಿಂತ ಕಡಿಮೆ ಬಂದರೆ ದುರ್ಬಲ ಎನ್ನುತ್ತಾರೆ. ಅಕ್ಕ ಹಿಡಿಯನ್ನು ಅದುಮಿದರು, ಮುಳ್ಳು 31ಕ್ಕೆ ಹೋಗಿ ನಿಂತಿತು. ಎಡಗೈಯಲ್ಲೂ 29. ಕುದಿಯುವ ಸಾಂಬಾರಿನ ಪಾತ್ರೆಯನ್ನು ಹದಿಮೂರು ವರ್ಷ ಒಲೆಯಿಂದ ಇಳಿಸಿದ ಕೈಗಳು ಅವು. 50 ಕೆ.ಜಿ. ಅಕ್ಕಿ ಮೂಟೆಯ ಒಂದು ತುದಿ ಹಿಡಿದು ಕೊಠಡಿಯಿಂದ ಎಳೆಯುವ ಬೆನ್ನು ಅದು. ಈ ಹೆಂಗಸು ಬಲಹೀನೆ, ಸೋಮಾರಿ ಎಂದು ಐದು ಕಡೆಯವರು ನೋಡಿದ ಕೂಡಲೇ ತೀರ್ಮಾನಿಸಿದ್ದರು. "ನಿಮ್ಮ ಹಿಡಿತ ನನ್ನದಕ್ಕಿಂತ ಜೋರಾಗಿದೆ ಅಕ್ಕ" ಎಂದು ನಾನು ಅದುಮಿ ತೋರಿಸಿದೆ, ನನ್ನದು 26. ಅವರ ಮೈಯ ಬಗ್ಗೆ ಚಿಕಿತ್ಸಾಲಯದಲ್ಲಿ ಯಾರಾದರೂ ಒಳ್ಳೆಯ ಮಾತಾಡಿದ್ದು ಅದೇ ಮೊದಲಂತೆ.

ನಮ್ಮ ಕಡೆ ಗರಡಿ ಸಂಪ್ರದಾಯ ಇನ್ನೂ ಉಸಿರಾಡುತ್ತಿದೆ. ಮೈಸೂರಿನ ದಸರಾ ಕುಸ್ತಿಗೆ ನಮ್ಮ ಹಳ್ಳಿಗಳಿಂದಲೂ ಪೈಲ್ವಾನರು ಹೋಗುತ್ತಾರೆ. ನೂರು ಕೆ.ಜಿ.ಯ ಉಸ್ತಾದರು ಅಖಾಡದ ಮಟ್ಟಿ ಮುಟ್ಟಿ ಹಣೆಗೆ ಹಚ್ಚಿಕೊಂಡರೆ ನೋಡುವವರು ಕೈ ಮುಗಿಯುತ್ತಾರೆ. ಅಷ್ಟೇ ತೂಕದ ಹೆಂಗಸು ಅಷ್ಟೇ ಭಾರ ಎತ್ತಿದರೆ ಅವಳ ಮೈ ನಗೆಪಾಟಲಾಗುತ್ತದೆ. ದೊಡ್ಡ ಮೈಯಲ್ಲಿ ಕಸುವಿರಬಹುದು ಎಂಬುದು ಈ ಸೀಮೆಯವರಿಗೆ ಗೊತ್ತಿಲ್ಲದ ಸಂಗತಿಯೇನಲ್ಲ.

ಏನು ಮಾಡಿದೆವು

ಮೊದಲ ಕೆಲಸ ಕೂತು ಏಳುವುದು. ಬೆಂಚಿನ ಮೇಲೆ ಎರಡು ಜಮಖಾನ ಮಡಚಿ ಹಾಕಿ ಎತ್ತರ ಮಾಡಿದೆ. ಎತ್ತರದಿಂದ ಏಳುವಾಗ ಮಂಡಿಗೆ ಹೊರೆ ಕಡಿಮೆ. ಪಾದಗಳನ್ನು ಮಂಡಿಗಿಂತ ತುಸು ಹಿಂದಕ್ಕೆ ಎಳೆದುಕೊಳ್ಳಬೇಕು, ಮೂಗು ಕಾಲ್ಬೆರಳಿನ ನೇರಕ್ಕೆ ಬರುವಷ್ಟು ಮುಂದಕ್ಕೆ ಬಾಗಬೇಕು, ಆಮೇಲೆ ಹಿಮ್ಮಡಿಯಿಂದ ನೆಲವನ್ನು ಒತ್ತಿ ಏಳಬೇಕು. ಹೊಟ್ಟೆ ಅಡ್ಡ ಬರುತ್ತದೆ ಎಂದರು. ಕಾಲುಗಳನ್ನು ಅಗಲ ಮಾಡಿಸಿದೆ, ಹೊಟ್ಟೆಗೆ ನಡುವೆ ಜಾಗವಾಯಿತು. ಪುಸ್ತಕದ ಚಿತ್ರದಲ್ಲಿ ಪಾದಗಳು ಸೊಂಟದ ಅಗಲಕ್ಕೆ ಇರುತ್ತವೆ, ಆದರೆ ಆ ಚಿತ್ರವನ್ನು ಯಾವುದೋ ತೆಳ್ಳನೆಯ ಮೈ ನೋಡಿ ಬರೆದಿದ್ದಾರೆ. ಎಂಟೆಂಟು ಸಲ, ದಿನಕ್ಕೆ ಮೂರು ಸರದಿ. ಮೂರನೆಯ ವಾರ ಒಂದು ಜಮಖಾನ ತೆಗೆದೆವು, ಆರನೆಯ ವಾರ ಇನ್ನೊಂದು. ಹತ್ತನೆಯ ವಾರದಿಂದ ತಗ್ಗಾದ ಕಾಲುಮಣೆ. ಹದಿನೈದನೆಯ ವಾರ ನೆಲ.

ಮೆಟ್ಟಿಲಿಗೆ ಇಟ್ಟಿಗೆ ಬಳಸಿದೆವು. ಒಂದು ಸಾಲು ಇಟ್ಟಿಗೆಯ ಮೇಲೆ ಗಟ್ಟಿ ಹಲಗೆ, ಪಕ್ಕದಲ್ಲಿ ಹಿಡಿಯಲು ಕಿಟಕಿಯ ಸರಳು. ಎರಡು ಮೂರು ವಾರಕ್ಕೊಮ್ಮೆ ಎತ್ತರ ಕೂಡಿಸುತ್ತ ಹೋದೆವು.

ನಡಿಗೆಗೆ ಅವರ ಊರಿನ ಪಕ್ಕದ ವಿಶ್ವೇಶ್ವರಯ್ಯ ನಾಲೆಯ ಏರಿ. ಶುರುವಿಗೆ ಆರು ನಿಮಿಷ, ದಿನಕ್ಕೆ ಮೂರು ಸಲ. ಕನಿಷ್ಠ ಹತ್ತು ನಿಮಿಷ ಒಂದೇ ಸಮನೆ ಮಾಡಿದರೆ ಮಾತ್ರ ಲೆಕ್ಕ ಎಂಬ ಹಳೆಯ ನಿಯಮವನ್ನು ವಿಶ್ವ ಆರೋಗ್ಯ ಸಂಸ್ಥೆ ತನ್ನ 2020ರ ಮಾರ್ಗಸೂಚಿಯಲ್ಲಿ ಕೈಬಿಟ್ಟಿದೆ. ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ಶ್ರಮ, ಎರಡು ದಿನವಾದರೂ ಸ್ನಾಯು ಬಲಪಡಿಸುವ ಕೆಲಸ, ಆಗದಿದ್ದರೆ ಎಷ್ಟಾಗುತ್ತದೋ ಅಷ್ಟು. ಸಾಧಾರಣ ಶ್ರಮ ಎಂದರೆ ಮಾತಾಡಬಹುದು, ಹಾಡಲು ಆಗಬಾರದು. ಅಕ್ಕ ಸೋಬಾನೆ ಪದ ಹೇಳುವವರು, ಊರಿನ ಯಾವ ಹಸೆಗೂ ಅವರು ಬೇಕು. ಹಾಗಾಗಿ ಗಡಿಯಾರ, ನಾಡಿ ಯಾವುದೂ ಬೇಕಾಗಲಿಲ್ಲ. ಪದದ ಒಂದು ಸಾಲು ಸಲೀಸಾಗಿ ಬಂದರೆ ಹೆಜ್ಜೆ ಜೋರು ಮಾಡಿ, ಮಾತೇ ಹೊರಡದಿದ್ದರೆ ನಿಧಾನ ಮಾಡಿ ಎಂದೆ.

ಎರಡನೆಯ ವಾರ ನಡಿಗೆ ನಿಂತಿತು. ಕೇಳಿದರೆ ಹೇಳಲಿಲ್ಲ, ಕಾಲು ನೋವು ಎಂದರು. ನಮ್ಮ ಸಹಾಯಕಿಯ ಹತ್ತಿರ ಹೇಳಿಕೊಂಡಿದ್ದರು: ತೊಡೆಗಳ ಒಳಭಾಗ ಉಜ್ಜಿ ಉಜ್ಜಿ ಹುಣ್ಣಾಗಿತ್ತು, ಬೆವರು ತಾಗಿ ಉರಿಯುತ್ತಿತ್ತು. ದಪ್ಪಗಿರುವವರನ್ನು ನಡೆಯಿರಿ ನಡೆಯಿರಿ ಎನ್ನುವ ನಾವು ಈ ಒಂದು ವಿಷಯ ಕೇಳುವುದೇ ಇಲ್ಲ. ಸೀರೆಯೊಳಗೆ ಲಂಗದ ಜೊತೆ ಮಂಡಿಯವರೆಗೆ ಬರುವ ಹತ್ತಿಯ ಚಡ್ಡಿ ಹಾಕಿಕೊಂಡರೆ ಮುಗಿಯುವ ತೊಂದರೆ ಅದು. ಅಂಗಡಿಯಲ್ಲಿ ಅವರ ಅಳತೆಯದು ಸಿಗಲಿಲ್ಲ. ಊರಿನ ಟೈಲರ್ ಹೆಂಗಸು ಹಳೆಯ ಪಂಚೆಯೊಂದರಿಂದ ಮೂರು ಹೊಲಿದುಕೊಟ್ಟರು. ಹುಣ್ಣು ಮಾಯುವವರೆಗೆ ನಡಿಗೆ ಬಿಟ್ಟು, ಕೂತು ಮಾಡುವ ವ್ಯಾಯಾಮ ಮಾತ್ರ ಮಾಡಿಸಿದೆ. ಸಕ್ಕರೆ ಕಾಯಿಲೆಯವರಾದ್ದರಿಂದ ಅಂದಿನಿಂದ ಪ್ರತಿ ರಾತ್ರಿ ಪಾದದ ಅಡಿಯನ್ನೂ ಕನ್ನಡಿಯಲ್ಲಿ ನೋಡಿಕೊಳ್ಳುವ ಪಾಠವಾಯಿತು.

ನಾಲ್ಕನೆಯ ವಾರದ ತಪ್ಪು ನನ್ನದು. ಒಂದು ಬೆಳಗ್ಗೆ ಏರಿಯ ಮೇಲೆ ಅಕ್ಕನಿಗೆ ಕೈ ನಡುಕ, ಮೈಯೆಲ್ಲ ತಣ್ಣನೆಯ ಬೆವರು, ಕಣ್ಣು ಮಂಜಾಯಿತು. ಹೊಲದಲ್ಲಿದ್ದವರು ಕೂರಿಸಿ ಬೆಲ್ಲದ ನೀರು ಕುಡಿಸಿದರು, ಹತ್ತು ನಿಮಿಷದಲ್ಲಿ ಸುಧಾರಿಸಿಕೊಂಡರು. ಗ್ಲಿಮೆಪಿರೈಡ್ ತೆಗೆದುಕೊಂಡು, ಏನೂ ತಿನ್ನದೆ ನಡೆದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ಮಾತ್ರೆಯ ಹೆಸರು ಬರೆದುಕೊಂಡಿದ್ದ ನಾನು ಅವರು ಬೆಳಗ್ಗೆ ಎಷ್ಟು ಹೊತ್ತಿಗೆ ತಿನ್ನುತ್ತಾರೆ ಎಂದು ಕೇಳಿರಲಿಲ್ಲ. ತಿನ್ನುವುದೇ ಇಲ್ಲ ಎಂದು ಆಗ ಗೊತ್ತಾಯಿತು. ಅದೇ ದಿನ ವೈದ್ಯರಿಗೆ ಫೋನ್ ಮಾಡಿದೆ, ಅವರು ಆ ಮಾತ್ರೆಯ ಪ್ರಮಾಣವನ್ನು ಅರ್ಧಕ್ಕೆ ಇಳಿಸಿದರು. ಸೊಂಟದ ಸಂಚಿಯಲ್ಲಿ ಮೂರು ಚಮಚ ಸಕ್ಕರೆಯ ಪೊಟ್ಟಣ ಸೇರಿತು. ನಡುಕ ಬಂದರೆ ಅದನ್ನು ತಿಂದು ಹದಿನೈದು ನಿಮಿಷ ಕೂರುವುದು, ಕಡಿಮೆಯಾಗದಿದ್ದರೆ ಮತ್ತೆ ಅಷ್ಟೇ ತಿನ್ನುವುದು.

ಊಟದ ವಿಚಾರಕ್ಕೆ ನಾವು ಕೈ ಹಾಕಿದ್ದು ಹೀಗೆ. ಮುದ್ದೆ ಬಿಡಿಸಲಿಲ್ಲ. ಬೆಳಗ್ಗೆ ಶಾಲೆಗೆ ಹೊರಡುವ ಮುಂಚೆ ಅರ್ಧ ಮುದ್ದೆ, ಉಪ್ಸಾರು, ಸಿಕ್ಕರೆ ಒಂದು ಮೊಟ್ಟೆ. ಮಧ್ಯಾಹ್ನ ಮಕ್ಕಳ ಪಂಕ್ತಿ ಮುಗಿದ ಕೂಡಲೇ ಊಟ, ಪಾತ್ರೆ ಆಮೇಲೆ. ಊಟವಾದ ಮೇಲೆ ಹತ್ತು ನಿಮಿಷ ಶಾಲೆಯ ಅಂಗಳದಲ್ಲಿ ನಡಿಗೆ, ಉಂಡ ಮೇಲೆ ಏರುವ ಸಕ್ಕರೆಯನ್ನು ಅದು ತಗ್ಗಿಸುತ್ತದೆ. ಎರಡೂವರೆಯವರೆಗೆ ಹಸಿದಿದ್ದು ಆಮೇಲೆ ಒಂದೇ ಸಲ ಮೂರು ತಟ್ಟೆ ಅನ್ನ ಉಣ್ಣುವುದು ತಾನಾಗಿಯೇ ನಿಂತಿತು.

ಏರಿಯ ಮೇಲಿನ ಬಾಯಿಗಳು

ಎಂಟನೆಯ ವಾರದ ಹೊತ್ತಿಗೆ ಏರಿಯಲ್ಲಿ ಎದುರಾದವರೆಲ್ಲ "ಎಷ್ಟು ಇಳಿದೆ?" ಎಂದು ಕೇಳತೊಡಗಿದರು. ಕೆಡುಕು ಬಯಸಿ ಕೇಳಿದವರಲ್ಲ. ಅಕ್ಕನ ಹತ್ತಿರ ಉತ್ತರವಿರಲಿಲ್ಲ, ಸೀರೆಯ ನೆರಿಗೆ ಮೊದಲಿನಷ್ಟೇ ಬರುತ್ತಿತ್ತು. ಒಂದು ಸಂಜೆ ಬೈಕಿನ ಮೇಲೆ ಹೋದ ಹುಡುಗರು ಕೂಗಿದ್ದನ್ನು ಇಲ್ಲಿ ಬರೆಯಲಾರೆ. ಒಂಬತ್ತು ದಿನ ಅವರು ಮನೆಯಿಂದ ನಡಿಗೆಗೆ ಹೊರಡಲಿಲ್ಲ. "ಕಾಣುವ ಹಾಗೆ ಕರಗದಿದ್ದರೆ ನಡೆದು ಏನು ಬಂತು, ಮೇಡಂ?" ಎಂದರು.

ಈ ಪ್ರಶ್ನೆ ಹೊಸದಲ್ಲ. ದಪ್ಪಗಿರುವವರನ್ನು ಕೆಲಸದಲ್ಲಿ, ಆಸ್ಪತ್ರೆಯಲ್ಲಿ ಕೀಳಾಗಿ ಕಾಣುವುದರ ವಿರುದ್ಧ ಅಮೆರಿಕದಲ್ಲಿ 1969ರಲ್ಲೇ ಸಂಘಟನೆ ಹುಟ್ಟಿತು. ಮೈಯನ್ನು ಇದ್ದ ಹಾಗೆ ಒಪ್ಪಿಕೊಂಡು ಆರೋಗ್ಯದ ಕಡೆ ಹೆಜ್ಜೆ ಇಡಬಹುದು ಎಂಬ ವಾದ ಬೆಳೆದದ್ದು ಅಂಥ ನೆಲದಿಂದ. ಕ್ಯಾಲಿಫೋರ್ನಿಯಾದಲ್ಲಿ 78 ದಪ್ಪ ಹೆಂಗಸರನ್ನು ಎರಡು ಗುಂಪು ಮಾಡಿ ನಡೆಸಿದ ಅಧ್ಯಯನ 2005ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಪಥ್ಯ, ಇನ್ನೊಂದಕ್ಕೆ ಮೈಯನ್ನು ಒಪ್ಪಿಕೊಂಡು ಹಸಿವನ್ನು ಆಲಿಸುವ, ಖುಷಿಯಿಂದ ಓಡಾಡುವ ತರಬೇತಿ. ಆರು ತಿಂಗಳಲ್ಲಿ ಪಥ್ಯದ ಗುಂಪಿನ ಶೇ. 41 ಮಂದಿ ಬಿಟ್ಟುಹೋದರು, ಇನ್ನೊಂದು ಗುಂಪಿನಲ್ಲಿ ಶೇ. 8. ಎರಡು ವರ್ಷದ ಮೇಲೆ ನೋಡಿದಾಗ ಪಥ್ಯದವರ ತೂಕ ಮರಳಿತ್ತು. ಒಪ್ಪಿಕೊಂಡವರ ತೂಕ ಇಳಿಯದಿದ್ದರೂ ರಕ್ತದೊತ್ತಡ, ಕೊಲೆಸ್ಟರಾಲ್ ಸುಧಾರಿಸಿದ್ದು ಹಾಗೆಯೇ ಉಳಿದಿತ್ತು. ಡಲ್ಲಾಸ್‌ನ ಕೂಪರ್ ಇನ್‌ಸ್ಟಿಟ್ಯೂಟ್‌ನಲ್ಲಿ 21,925 ಗಂಡಸರನ್ನು ಹಿಂಬಾಲಿಸಿದ 1999ರ ವರದಿಯಲ್ಲಿ, ದಮ್ಮಿಲ್ಲದ ತೆಳ್ಳನೆಯವರಲ್ಲಿ ಸಾವು ದಮ್ಮಿರುವ ದಪ್ಪನೆಯವರಿಗಿಂತ ಹೆಚ್ಚಿತ್ತು.

ಇದರ ಇನ್ನೊಂದು ಮಗ್ಗುಲನ್ನೂ ಅಕ್ಕನಿಂದ ಮುಚ್ಚಿಡಲಿಲ್ಲ. ಒಂದು ಕೆ.ಜಿ. ಇಳಿದರೆ ಪ್ರತಿ ಹೆಜ್ಜೆಗೆ ಮಂಡಿಯ ಮೇಲಿನ ಹೊರೆ ನಾಲ್ಕು ಕೆ.ಜಿ.ಯಷ್ಟು ಕಡಿಮೆಯಾಗುತ್ತದೆ ಎಂಬುದೂ ಅಳೆದು ಕಂಡುಕೊಂಡ ಸತ್ಯ. ಸಕ್ಕರೆ ಕಾಯಿಲೆಯ 5,145 ಜನರನ್ನು ಸೇರಿಸಿಕೊಂಡು, ಅವರಲ್ಲಿ ಅರ್ಧದಷ್ಟು ಮಂದಿಗೆ ತೂಕ ಇಳಿಸಲು ಸುಮಾರು ಹತ್ತು ವರ್ಷ ಒತ್ತಾಸೆ ಕೊಟ್ಟ ಲುಕ್ ಅಹೆಡ್ ಎಂಬ ಅಮೆರಿಕದ ಪ್ರಯೋಗದಲ್ಲಿ ಹೃದಯಾಘಾತಗಳು ಕಡಿಮೆಯಾಗಲಿಲ್ಲ. 2012ರಲ್ಲಿ ಅದನ್ನು ನಿಲ್ಲಿಸಿದರು. ಆದರೆ ಅವರ ಓಡಾಟ ಸಲೀಸಾಯಿತು, ಮಾತ್ರೆಗಳು ಕಡಿಮೆಯಾದವು. ತೂಕ ಇಳಿದರೆ ಒಳ್ಳೆಯದೇ. ಇಳಿಯುವವರೆಗೆ ಮಂಡಿಗೆ ಚಿಕಿತ್ಸೆಯಿಲ್ಲ, ಬಸ್ಸಿಲ್ಲ, ಮರ್ಯಾದೆಯಿಲ್ಲ ಎಂದು ಕಾಯಿಸುವುದನ್ನು ನಾನು ಒಪ್ಪುವುದಿಲ್ಲ.

ಇಷ್ಟನ್ನೂ ಬಿಡಿಸಿ ಹೇಳಿದೆ. ಅಕ್ಕ ಕೇಳಿಸಿಕೊಂಡರು, ಮರುದಿನವೂ ಬರಲಿಲ್ಲ. ಅವರನ್ನು ಮತ್ತೆ ನಡೆಸಿದ್ದು ನನ್ನ ಅಂಕಿಅಂಶಗಳಲ್ಲ, ಜೊತೆಯ ಅಡುಗೆಯವಳು. ಆಕೆ ತೆಳ್ಳಗಿದ್ದಾಳೆ, ಎರಡು ಮೆಟ್ಟಿಲು ಹತ್ತಿದರೆ ಏದುಸಿರು. "ನನಗೂ ದಮ್ಮಿಲ್ಲ ಅಕ್ಕ, ಇಬ್ಬರೂ ಹೋಗೋಣ ಬಾ" ಎಂದು ಕೈ ಹಿಡಿದು ಹೊರಡಿಸಿದಳು. ಮುಖ್ಯ ಶಿಕ್ಷಕಿ ಶಾಲೆಯ ಮೈದಾನದ ಬೀಗದ ಕೈ ಇವರಿಗೇ ಕೊಟ್ಟರು. ಏರಿಗೆ ಹೋಗಲು ಮನಸ್ಸಿಲ್ಲದ ದಿನ ಮಕ್ಕಳು ಮನೆಗೆ ಹೋದ ಮೇಲೆ ಅಲ್ಲೇ ಸುತ್ತು. ಎಷ್ಟು ಇಳಿದೆ ಎಂದು ಕೇಳಿದವರಿಗೆ ಜೊತೆಯವಳೇ ಉತ್ತರ ಕೊಡತೊಡಗಿದಳು: "ಈಗ ನಿಲ್ಲದೆ ಸೇತುವೆಯವರೆಗೆ ಹೋಗುತ್ತೇವೆ."

ಆರು ತಿಂಗಳ ಮೇಲೆ

26ನೆಯ ವಾರ ಎಲ್ಲವನ್ನೂ ಮತ್ತೆ ಅಳೆದೆ. ಕುರ್ಚಿ ಪರೀಕ್ಷೆ ಆರರಿಂದ ಹದಿಮೂರು. ಆರು ನಿಮಿಷದ ನಡಿಗೆ 415 ಮೀಟರ್, ಎಲ್ಲೂ ನಿಲ್ಲಲಿಲ್ಲ. ನೆಲದಿಂದ ಏಳುವುದರಲ್ಲಿ ಮೂರರಿಂದ ಆರೂವರೆ. ರಕ್ತದೊತ್ತಡ 132/84, ಇದರಲ್ಲಿ ಮಾತ್ರೆಯ ಪಾಲೂ ಇದೆ. ಎಚ್‌ಬಿಎ1ಸಿ 7.3. ಊಟದ ಹೊತ್ತು ಬದಲಾಗಿದ್ದು ಎಷ್ಟು, ನಡಿಗೆ ಎಷ್ಟು ಎಂದು ಬೇರೆ ಮಾಡಿ ಹೇಳಲಾರೆ, ಗ್ಲಿಮೆಪಿರೈಡ್ ಅರ್ಧವಾದ ಮೇಲೂ ಇಳಿದಿದೆ ಎಂಬುದು ನನಗೆ ಮುಖ್ಯ. ಸೊಂಟದ ಸುತ್ತಳತೆ 116ರಿಂದ 112 ಸೆಂ.ಮೀ.

ತೂಕ 93.5 ಕೆ.ಜಿ. ಆರು ತಿಂಗಳಲ್ಲಿ ಇಳಿದದ್ದು ಎರಡೂವರೆ ಕೆ.ಜಿ., ಬಿಎಂಐ ಇನ್ನೂ 40ರ ಮೇಲೆ. ತೂಕವೇ ಗುರಿಯಾಗಿದ್ದಿದ್ದರೆ ಈ ಪ್ರಕರಣವನ್ನು ಸೋಲು ಎಂದು ಬರೆದು ಕಡತ ಮುಚ್ಚಬೇಕಾಗಿತ್ತು. ಅಕ್ಕ ಯಂತ್ರದಿಂದ ಇಳಿದು ಅಂಕಿ ಕೇಳಿ "ಆಗಲಿ" ಎಂದಷ್ಟೇ ಅಂದರು. ಆಮೇಲೆ ನನ್ನ ಮುಂದೆ ನೆಲದ ಮೇಲೆ ಕೂತರು, ಬಲಗೈಯನ್ನು ಒಂದು ಸಲ ತೊಡೆಗೆ ಊರಿ ಎದ್ದು ನಿಂತು, ಸೆರಗು ಸರಿಮಾಡಿಕೊಂಡರು. ಗೋಡೆಯನ್ನು ಮುಟ್ಟಲಿಲ್ಲ. ಶಾಲೆಯಲ್ಲಿ ಈಗ ದಿನವೂ ಹೀಗೆಯೇ ಏಳುವುದು ಎಂದರು.

ಎಡಮಂಡಿ ಚಳಿಗೆ ಇನ್ನೂ ಹಿಡಿಯುತ್ತದೆ. ರಾತ್ರಿ ಗೊರಕೆ, ಹಗಲು ತೂಕಡಿಕೆ ಇರುವುದರಿಂದ ನಿದ್ರೆಯಲ್ಲಿ ಉಸಿರು ಕಟ್ಟುತ್ತದೆಯೇ ಎಂದು ಪರೀಕ್ಷೆ ಮಾಡಿಸಬೇಕು. ಅದನ್ನು ಇಷ್ಟು ದಿನ ಮುಂದೂಡಿದ್ದು ಸರಿಯಾಗಲಿಲ್ಲ.

ಆ ದಿನ ಅವರು ಬಂದದ್ದು ಬಸ್ಸಿನಲ್ಲಿ. ಕೈಚೀಲವನ್ನು ಮೊದಲು ಕಂಡಕ್ಟರ್ ಕೈಗೆ ಕೊಟ್ಟು, ಎರಡೂ ಕೈಯಲ್ಲಿ ಕಂಬಿ ಹಿಡಿದು, ಬಲಗಾಲು ಎತ್ತಿಟ್ಟು ಒಂದೇ ಏಟಿಗೆ ಹತ್ತಿದರಂತೆ. ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ನೋಯುವ ಕಾಲು ಮೊದಲು ಎಂದು ಹೇಳಿಕೊಟ್ಟಿದ್ದೆ. ಹತ್ತಿದ್ದು ಸರಿಹೋಯಿತು, ಇಳಿಯುವಾಗ ಭಯವಾಗಿ ಹಿಂದಿನವರನ್ನೆಲ್ಲ ಮುಂದೆ ಬಿಟ್ಟು ಕೊನೆಯಲ್ಲಿ ಇಳಿದರಂತೆ. ಮೆಟ್ಟಿಲು ಇಳಿಯುವಾಗ ತೊಡೆಯ ಸ್ನಾಯು ಹಿಗ್ಗುತ್ತಲೇ ಮೈಭಾರ ಹಿಡಿಯಬೇಕು, ಆ ಕೆಲಸವೇ ಬೇರೆ, ಅದಕ್ಕೆ ಬೇರೆ ಅಭ್ಯಾಸ ಬೇಕು. ಹಲಗೆಯ ಕೆಳಗಿನ ಇಟ್ಟಿಗೆಗಳನ್ನೆಲ್ಲ ತೆಗೆದು, ಒಂದು ಸಾಲಿನಿಂದ ಮತ್ತೆ ಶುರು ಮಾಡಿದ್ದೇವೆ.